ಭಾನುವಾರ ಓಡದ ಓಟಗಾರ

1924ನೆಯ ಇಸವಿಯ ಜುಲೈ 6ನೆಯ ತಾರೀಖು, ಭಾನುವಾರ. ಪ್ಯಾರಿಸ್ ನಗರದ ಅಂಚಿನ ಕೊಲೊಂಬ್ ಕ್ರೀಡಾಂಗಣದಲ್ಲಿ ಒಲಿಂಪಿಕ್ ಪಂದ್ಯಗಳ ನೂರು ಮೀಟರ್ ಓಟದ ಮೊದಲ ಸುತ್ತು ನಡೆಯಲಿತ್ತು. ನಾನಾ ದೇಶಗಳ ವೇಗಿಗಳು ಅಲ್ಲಿ ನೆರೆದಿದ್ದರು. ಆದರೆ ಬ್ರಿಟನ್ನಿನ ಜನರು ಅತಿಶಯವಾದ ಭರವಸೆಯಿಟ್ಟಿದ್ದ ಒಬ್ಬ ತರುಣ ಮಾತ್ರ ಬಂದಿರಲಿಲ್ಲ. ಅವನಿಗೆ ಕಾಯಿಲೆಯಾಗಿರಲಿಲ್ಲ, ಕಾಲು ಉಳುಕಿರಲಿಲ್ಲ, ತಂಡದಿಂದ ಯಾರೂ ಅವನನ್ನು ಹೊರಗಿಟ್ಟಿರಲಿಲ್ಲ. ಆ ದಿನ ಭಾನುವಾರವಾಗಿತ್ತು ಎಂಬುದೊಂದೇ ಅವನು ಬಾರದಿದ್ದುದಕ್ಕೆ ಕಾರಣ.

ಆ ತರುಣನ ಹೆಸರು ಎರಿಕ್ ಲಿಡೆಲ್. ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳ ಮಗನಾಗಿ ಅವನು 1902ರಲ್ಲಿ ಚೀನಾದೇಶದ ಟಿಯೆನ್ಸಿನ್ ನಗರದಲ್ಲಿ ಹುಟ್ಟಿದವನು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನ ಓದುತ್ತಿದ್ದಾಗಲೇ ಸ್ಕಾಟ್ಲೆಂಡಿನ ಪರವಾಗಿ ರಗ್ಬಿ ಆಡಿ, ಓಟದಲ್ಲಿ ಇಡೀ ದ್ವೀಪದ ಕಣ್ಣು ಸೆಳೆದಿದ್ದನು. ನೂರು ಮೀಟರೇ ಅವನ ಮುಖ್ಯ ಓಟ. ಅದರ ಮೊದಲ ಸುತ್ತು ಭಾನುವಾರ ಬೀಳುವುದೆಂದು ತಿಂಗಳುಗಳ ಮೊದಲೇ ತಿಳಿದಾಗ, ತಾನು ಆ ದಿನ ಓಡುವುದಿಲ್ಲವೆಂದು ಅವನು ಹೇಳಿಬಿಟ್ಟನು. ಅಂತಿಮ ಸ್ಪರ್ಧೆ ಭಾನುವಾರವೇ ನಡೆಯಲಿದ್ದ ಎರಡು ರಿಲೇ ಓಟಗಳನ್ನೂ ಬಿಟ್ಟನು. 1981ರಲ್ಲಿ ಬಂದ ‘ಚಾರಿಯಟ್ಸ್ ಆಫ್ ಫೈರ್’ ಎಂಬ ಪ್ರಸಿದ್ಧ ಚಲನಚಿತ್ರದಲ್ಲಿ ಅವನು ಹಡಗು ಹತ್ತುವ ಗಳಿಗೆಯಲ್ಲಿ ಈ ಸುದ್ದಿ ತಿಳಿದು ದಿಗ್ಭ್ರಾಂತನಾಗುವಂತೆ ತೋರಿಸಿದ್ದಾರೆ. ಅದು ಕಥೆಯ ರಂಜನೆಗಾಗಿ ಮಾಡಿದ ಮಾರ್ಪಾಡು. ನಿಜಸಂಗತಿ ಅದಕ್ಕಿಂತಲೂ ಕಠಿನವಾದುದು. ಆವೇಶದ ಒಂದು ಕ್ಷಣದಲ್ಲಿ ಬೇಡವೆನ್ನುವುದು ಸುಲಭ. ಒಡನಾಡಿಗಳ ಒತ್ತಾಯ, ಹಿರಿಯರ ಬುದ್ಧಿವಾದ, ದೇಶಾಭಿಮಾನದ ಹೆಸರಿನ ಆಕ್ಷೇಪ ಇವೆಲ್ಲವನ್ನೂ ತಿಂಗಳುಗಟ್ಟಲೆ ಕೇಳಿಸಿಕೊಳ್ಳುತ್ತ, ಯಾರನ್ನೂ ನಿಂದಿಸದೆ, ಆ ‘ಬೇಡ’ವನ್ನು ಉಳಿಸಿಕೊಳ್ಳುವುದು ಕಷ್ಟ.

ಇಷ್ಟೆಲ್ಲ ತ್ಯಾಗಕ್ಕೆ ತಕ್ಕ ಅರ್ಥ ಆ ಒಂದು ದಿನದಲ್ಲಿ ಏನಿದೆ? ವಾರದ ಏಳು ದಿನಗಳೂ ದೇವರವೇ ಆಗಿರುವಾಗ ಒಂದನ್ನು ಮಾತ್ರ ಬೇರೆಯಾಗಿ ತೆಗೆದಿಡುವುದೇಕೆ? ಇದನ್ನು ತಿಳಿಯಬೇಕಾದರೆ ಕ್ರೈಸ್ತಧರ್ಮಕ್ಕಿಂತ ಹಿಂದಿನ ಕಾಲಕ್ಕೆ, ಯೆಹೂದ್ಯರ ಧರ್ಮಶಾಸ್ತ್ರಕ್ಕೆ ಹೋಗಬೇಕು.

ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ದೊರೆತ ದಶಾಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆಯೂ ಒಂದು. ಆರು ದಿನ ದುಡಿದು ಏಳನೆಯ ದಿನ ಕೆಲಸವನ್ನು ನಿಲ್ಲಿಸಬೇಕೆಂಬುದು ಅದರ ಸಾರ. ‘ಸಬ್ಬತ್’ ಎಂಬ ಹೀಬ್ರೂ ಮಾತಿಗೆ ನಿಲ್ಲಿಸುವುದು, ವಿರಮಿಸುವುದು ಎಂದೇ ಅರ್ಥ. ಈ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ಎರಡು ಕಡೆಯೂ ಬೇರೆ ಬೇರೆ ಕಾರಣಗಳನ್ನು ಕೊಟ್ಟಿರುವುದು ಗಮನಿಸತಕ್ಕ ವಿಷಯ. ವಿಮೋಚನಕಾಂಡದಲ್ಲಿ ಹೇಳಿರುವ ಕಾರಣ ಸೃಷ್ಟಿಗೆ ಸಂಬಂಧಿಸಿದುದು: ದೇವರು ಆರು ದಿನಗಳಲ್ಲಿ ಜಗತ್ತನ್ನು ರಚಿಸಿ ಏಳನೆಯ ದಿನ ವಿಶ್ರಮಿಸಿದನು, ಆದುದರಿಂದ ಮನುಷ್ಯನೂ ವಿಶ್ರಮಿಸಲಿ. ಧರ್ಮೋಪದೇಶಕಾಂಡದಲ್ಲಿ ಹೇಳಿರುವ ಕಾರಣ ಚರಿತ್ರೆಗೆ ಸಂಬಂಧಿಸಿದುದು: ನೀವು ಐಗುಪ್ತದೇಶದಲ್ಲಿ ಗುಲಾಮರಾಗಿದ್ದುದನ್ನು ನೆನೆಯಿರಿ, ನಿಮ್ಮಂತೆಯೇ ನಿಮ್ಮ ಆಳುಗಳಿಗೂ ಬಿಡುವು ದೊರೆಯಲಿ.

ಈ ಎರಡನೆಯ ಕಾರಣ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಗುಲಾಮನಿಗೆ ರಜವೆಂಬುದಿಲ್ಲ. ಫರೋಹನ ಇಟ್ಟಿಗೆ ಗೂಡುಗಳಲ್ಲಿ ಏಳನೆಯ ದಿನವೂ ಆರನೆಯ ದಿನದಂತೆಯೇ ಇತ್ತು. ಅಲ್ಲಿಂದ ಬಿಡುಗಡೆ ಹೊಂದಿದ ಜನರು ತಾವೇ ಒಡೆಯರಾದಾಗ ಮತ್ತೊಬ್ಬ ಫರೋಹನಾಗದಿರಲೆಂದು ಈ ದಿನವನ್ನು ಅವರಿಗೆ ಗೊತ್ತುಮಾಡಿಕೊಟ್ಟಂತಾಯಿತು. ಆಜ್ಞೆಯ ಪಟ್ಟಿಯಲ್ಲಿ ಮನೆಯ ಯಜಮಾನನೊಬ್ಬನೇ ಇಲ್ಲ. ಮಗ, ಮಗಳು, ಆಳು, ತೊತ್ತು, ಊರಿನಲ್ಲಿ ತಂಗಿರುವ ಪರದೇಶಿ, ಎತ್ತು, ಕತ್ತೆ ಎಲ್ಲರೂ ಇದ್ದಾರೆ. ಕನ್ನಡನಾಡಿನ ಹಳ್ಳಿಗಳ ಪರಿಚಯವಿರುವವರಿಗೆ ಈ ಎತ್ತಿನ ಮಾತು ಹೊಸದೆನಿಸದು. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ಇಲ್ಲಿ ಎಷ್ಟೋ ಊರುಗಳಲ್ಲಿ ನಡೆದುಬಂದಿದೆ. ಬಾಯಿಲ್ಲದ ಜೀವಿಯೂ ವಾರಕ್ಕೊಂದು ದಿನ ತನ್ನ ಪಾಡಿಗೆ ತಾನು ಮೆಲುಕು ಹಾಕಲಿ ಎಂಬ ದಯೆ ಎರಡು ಕಡೆಯೂ ಒಂದೇ.

ಸಬ್ಬತ್ತಿನ ಆಚರಣೆಯಲ್ಲಿ ಇನ್ನೊಂದು ಅಂಶವೂ ಅಡಗಿದೆ, ಅದು ನಂಬಿಕೆ. ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರಿಗೆ ಪ್ರತಿದಿನ ಮುಂಜಾನೆ ‘ಮನ್ನ’ ಎಂಬ ಆಹಾರ ದೊರೆಯುತ್ತಿದ್ದುದಾಗಿ ವಿಮೋಚನಕಾಂಡ ಹೇಳುತ್ತದೆ. ನಾಳೆಗೆಂದು ಕೂಡಿಟ್ಟರೆ ಅದು ಹುಳುಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಸಿಕ್ಕುತ್ತಿತ್ತು. ಅದು ಮಾತ್ರ ಮರುದಿನಕ್ಕೂ ಕೆಡದೆ ಉಳಿಯುತ್ತಿತ್ತು. ಆದರೂ ಕೆಲವರು ಏಳನೆಯ ದಿನ ಬೆಳಗ್ಗೆ ಪಾತ್ರೆ ಹಿಡಿದು ಹುಡುಕಲು ಹೊರಟು ಬರಿಗೈಯಲ್ಲಿ ಹಿಂದಿರುಗಿದರು. ಒಂದು ದಿನ ಕೈಕಟ್ಟಿ ಕುಳಿತರೆ ಸಂಸಾರ ಮುಳುಗೀತೆಂಬ ಭಯ ಅಂದಿನದೂ ಹೌದು, ಇಂದಿನದೂ ಹೌದು. ಲೋಕ ತನ್ನ ದುಡಿಮೆಯೊಂದರಿಂದಲೇ ನಡೆಯುತ್ತಿಲ್ಲವೆಂದು ಮನುಷ್ಯನು ವಾರಕ್ಕೊಮ್ಮೆ ಒಪ್ಪಿಕೊಳ್ಳುವುದೇ ಸಬ್ಬತ್ತು.

ಯೆಹೂದ್ಯರ ಸಬ್ಬತ್ತು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಇರುಳಿನವರೆಗೆ. ಕ್ರೈಸ್ತರಲ್ಲಿ ಬಹುಮಂದಿ ಭಾನುವಾರವನ್ನು ಆಚರಿಸುವುದಕ್ಕೆ ಯೇಸುವಿನ ಪುನರುತ್ಥಾನವೇ ಕಾರಣ. ಶಿಲುಬೆಯ ಮೇಲೆ ಮಡಿದ ಯೇಸು ವಾರದ ಮೊದಲನೆಯ ದಿನ ಸಮಾಧಿಯಿಂದ ಎದ್ದು ಬಂದನೆಂಬುದು ಅವರ ವಿಶ್ವಾಸದ ತಿರುಳು. ಮೊದಲ ಕ್ರೈಸ್ತರು ಆ ದಿನ ಒಟ್ಟುಗೂಡಿ ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದ ಸಂಗತಿ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಆದರೆ ಅಂದು ಅದು ರಜದ ದಿನವಾಗಿರಲಿಲ್ಲ. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಸೂರ್ಯನ ದಿನದಂದು ನ್ಯಾಯಸ್ಥಾನಗಳೂ ನಗರದ ಕಸಬುದಾರರ ಅಂಗಡಿಗಳೂ ಮುಚ್ಚಿರಬೇಕೆಂದು ಶಾಸನ ಹೊರಡಿಸಿದನು. ಹದ ತಪ್ಪಿದರೆ ಬೆಳೆ ಕೈಬಿಟ್ಟೀತೆಂದು ಬೇಸಾಯಗಾರರಿಗೆ ಮಾತ್ರ ಆ ಶಾಸನದಲ್ಲಿ ವಿನಾಯಿತಿಯಿತ್ತು.

ಶನಿವಾರವೋ ಭಾನುವಾರವೋ ಎಂಬ ವಾದ ಅಷ್ಟಕ್ಕೇ ಮುಗಿಯಲಿಲ್ಲ. ಇಥಿಯೋಪಿಯದ ಪುರಾತನ ಕ್ರೈಸ್ತ ಸಭೆ ಎರಡು ದಿನಗಳನ್ನೂ ಗೌರವಿಸುತ್ತದೆ. 1863ರಲ್ಲಿ ಅಮೆರಿಕದಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು, ಆಜ್ಞೆಯಲ್ಲಿ ಹೇಳಿರುವುದು ಏಳನೆಯ ದಿನವಾದುದರಿಂದ ಅದನ್ನು ಬದಲಿಸುವ ಅಧಿಕಾರ ಮನುಷ್ಯರಿಗಿಲ್ಲವೆಂದು ಶನಿವಾರವನ್ನೇ ಆಚರಿಸುತ್ತಾರೆ. ದಿನ ಯಾವುದೆಂಬುದರಲ್ಲಿ ಮತಭೇದವಿದ್ದರೂ, ಒಂದು ದಿನ ದೇವರಿಗಾಗಿ ಬಿಡುವಾಗಿರಬೇಕೆಂಬುದರಲ್ಲಿ ಇವರಲ್ಲಿ ಭೇದವಿಲ್ಲ.

ಆದರೆ ಯಾವ ಒಳ್ಳೆಯ ಕಟ್ಟಳೆಗೂ ಒಂದು ಅಪಾಯವುಂಟು. ಬೇಲಿಯನ್ನು ಕಾಯುವ ಭರದಲ್ಲಿ ಹೊಲವನ್ನೇ ಮರೆಯುವುದು ಆ ಅಪಾಯ. ಯೇಸುವಿನ ಕಾಲಕ್ಕಾಗಲೇ ಸಬ್ಬತ್ತಿನಲ್ಲಿ ಮಾಡಬಾರದ ಕೆಲಸಗಳ ಪಟ್ಟಿ ಉದ್ದವಾಗಿತ್ತು. ಅವನ ಶಿಷ್ಯರು ಹಸಿವಿನಿಂದ ಪೈರಿನ ತೆನೆಗಳನ್ನು ಕಿತ್ತು ತಿಂದಾಗ ಫರಿಸಾಯರು ಆಕ್ಷೇಪಿಸಿದರು. ಕೈ ಬತ್ತಿಹೋಗಿದ್ದ ಒಬ್ಬನನ್ನು ಅವನು ಗುಣಪಡಿಸಿದಾಗಲೂ ಆಕ್ಷೇಪಿಸಿದರು. ತಮ್ಮ ಕುರಿ ಆ ದಿನ ಗುಂಡಿಯಲ್ಲಿ ಬಿದ್ದರೆ ಎತ್ತದೆ ಬಿಡುವಿರಾ ಎಂದು ಯೇಸು ಅವರನ್ನೇ ಕೇಳಿದನು. ಆ ದಿನ ಮನುಷ್ಯನ ಹಿತಕ್ಕಾಗಿ ಉಂಟಾದುದೇ ಹೊರತು ಆ ದಿನಕ್ಕಾಗಿ ಮನುಷ್ಯನು ಉಂಟಾದುದಲ್ಲವೆಂಬುದು ಅವನ ಬೋಧೆಯ ತಾತ್ಪರ್ಯ. ಅವನು ಸಬ್ಬತ್ತನ್ನು ರದ್ದುಮಾಡಲಿಲ್ಲ. ಅದು ಯಾರಿಗಾಗಿ ಇದೆಯೆಂಬುದನ್ನು ಜ್ಞಾಪಿಸಿದನು.

ಲಿಡೆಲ್ ಬೆಳೆದುದು ಈ ಆಜ್ಞೆಯನ್ನು ಬಹು ಬಿಗಿಯಾಗಿ ಹಿಡಿದ ನಾಡಿನ ಸಂಪ್ರದಾಯದಲ್ಲಿ. 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿದ ಧರ್ಮಪಂಡಿತರು ರಚಿಸಿದ ವಿಶ್ವಾಸಪ್ರಮಾಣವನ್ನು ಸ್ಕಾಟ್ಲೆಂಡಿನ ಸಭೆ ತನ್ನದಾಗಿ ಸ್ವೀಕರಿಸಿತು. ಅದರ ಪ್ರಕಾರ ಭಾನುವಾರ ಲೌಕಿಕ ಉದ್ಯೋಗ ಮಾತ್ರವಲ್ಲ, ಲೌಕಿಕ ವಿನೋದವೂ ನಿಷಿದ್ಧ. ದಿನವೆಲ್ಲ ಆರಾಧನೆಯಲ್ಲಿ ಕಳೆಯಬೇಕು. ಇದಕ್ಕೆ ಅಲ್ಲಿಯೇ ಒಂದು ಅಪವಾದವನ್ನೂ ಹೇಳಿದೆ: ಅನಿವಾರ್ಯವಾದ ಕೆಲಸಗಳನ್ನೂ ಕರುಣೆಯ ಕೆಲಸಗಳನ್ನೂ ಮಾಡಬಹುದು. ಆಚಾರವಂತರ ಮನೆಗಳಲ್ಲಿ ಭಾನುವಾರದ ಆಲೂಗೆಡ್ಡೆಯ ಸಿಪ್ಪೆ ಶನಿವಾರವೇ ಸುಲಿದಿರುತ್ತಿತ್ತು. ಪಾದರಕ್ಷೆಗಳು ಶನಿವಾರವೇ ಹೊಳಪುಗೊಂಡಿರುತ್ತಿದ್ದವು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದಲ್ಲಿ ಈ ನಿಷ್ಠೆ ಎಷ್ಟು ದೃಢವಾಗಿತ್ತೆಂದರೆ, ಅದರ ಮುಖ್ಯ ಪಟ್ಟಣವಾದ ಸ್ಟಾರ್ನೊವೆಯಿಂದ ಭಾನುವಾರ ಪ್ರಯಾಣಿಕರ ದೋಣಿ ಹೊರಡಲು ಆರಂಭವಾದುದು 2009ರಲ್ಲಿ! ಆಗಲೂ ದಡದಲ್ಲಿ ನಿಂತು ಪ್ರತಿಭಟಿಸಿದವರಿದ್ದರು.

ಇಂಥ ಪರಂಪರೆಯ ಮಗ ಪ್ಯಾರಿಸಿನಲ್ಲಿ ಭಾನುವಾರ ಓಡಲಿಲ್ಲ. ನೂರು ಮೀಟರಿನ ಚಿನ್ನದ ಪದಕ ಮರುದಿನ ಅವನ ತಂಡದವನೇ ಆದ ಹೆರಲ್ಡ್ ಅಬ್ರಹಾಮ್ಸನಿಗೆ ದೊರೆಯಿತು. ಲಿಡೆಲ್ ಇನ್ನೂರು ಮೀಟರಿನಲ್ಲಿ ಮೂರನೆಯವನಾದನು. ಉಳಿದುದು ನಾನೂರು ಮೀಟರ್. ಅದು ಅವನಿಗೆ ಒಗ್ಗಿದ ದೂರವಲ್ಲ. ಅದರಲ್ಲಿ ಅವನು ಗೆಲ್ಲುವನೆಂದು ನಿರೀಕ್ಷಿಸಿದವರು ವಿರಳ. ಜುಲೈ 11, ಶುಕ್ರವಾರ, ಅಂತಿಮ ಸ್ಪರ್ಧೆ. ಅವನಿಗೆ ದೊರೆತುದು ಎಲ್ಲಕ್ಕಿಂತ ಹೊರಗಿನ ಓಣಿ; ಉಳಿದವರು ಹೇಗೆ ಓಡುತ್ತಿದ್ದಾರೆಂಬುದು ಅಲ್ಲಿಂದ ಕಾಣದು. ಇಡೀ ದೂರವನ್ನು ನೂರು ಮೀಟರಿನ ಓಟವೆಂಬಂತೆ ಮೊದಲಿನಿಂದಲೇ ಧಾವಿಸಿದ ಅವನು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಒಲಿಂಪಿಕ್ ದಾಖಲೆಯನ್ನು ಸ್ಥಾಪಿಸಿದನು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ‘ನೋಡಿ, ದೇವರ ದಿನವನ್ನು ಕಾಪಾಡಿದವನಿಗೆ ದೇವರು ಪದಕ ಕೊಟ್ಟನು’ ಎಂದು ನೀತಿ ಹೇಳುವುದುಂಟು. ಆದರೆ ಇದು ಸಬ್ಬತ್ತನ್ನು ವ್ಯಾಪಾರವನ್ನಾಗಿ ಮಾಡಿದಂತೆ. ಲಿಡೆಲ್ ನೂರು ಮೀಟರನ್ನು ಬಿಟ್ಟಾಗ ಅವನಿಗೆ ನಾನೂರರ ಚಿನ್ನವನ್ನು ಯಾರೂ ವಾಗ್ದಾನ ಮಾಡಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ್ದರೂ ಅವನ ಭಾನುವಾರದ ಅರ್ಥ ಕುಂದುತ್ತಿರಲಿಲ್ಲ. ಅದೂ ಅಲ್ಲದೆ, ಅವನ ಜೀವನದ ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು.

1925ರಲ್ಲಿ, ಕೀರ್ತಿಯ ಶಿಖರದಲ್ಲಿರುವಾಗಲೇ, ಅವನು ಓಟದ ಅಂಗಳವನ್ನು ಬಿಟ್ಟು ಹುಟ್ಟಿದ ನಾಡಾದ ಚೀನಾಕ್ಕೆ ಹಿಂದಿರುಗಿ ಟಿಯೆನ್ಸಿನ್ನಿನ ಕಾಲೇಜೊಂದರಲ್ಲಿ ವಿಜ್ಞಾನದ ಅಧ್ಯಾಪಕನಾದನು. ಮುಂದೆ ಹಳ್ಳಿಗಳಲ್ಲಿ ಮಿಷನರಿಯಾಗಿ ದುಡಿದನು. ಜಪಾನಿನ ಸೈನ್ಯ ಚೀನಾವನ್ನು ಆಕ್ರಮಿಸಿದ್ದ ಕಾಲವದು. 1941ರಲ್ಲಿ ಗರ್ಭಿಣಿಯಾದ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾನು ಅಲ್ಲಿಯೇ ಉಳಿದನು. ಮೂರನೆಯ ಮಗಳ ಮುಖವನ್ನು ಅವನು ನೋಡಲೇ ಇಲ್ಲ. 1943ರಲ್ಲಿ ಜಪಾನೀಯರು ಅವನನ್ನು ಶಾಂಟುಂಗ್ ಪ್ರಾಂತದ ವೇಶಿಯನ್ ಎಂಬಲ್ಲಿದ್ದ ಬಂಧನಶಿಬಿರಕ್ಕೆ ಕಳುಹಿಸಿದರು.

ಶಿಬಿರದಲ್ಲಿ ಸಾವಿರಕ್ಕೂ ಮಿಕ್ಕಿ ಜನರಿದ್ದರು. ಕೋಣೆಗಳು ಕಿಕ್ಕಿರಿದಿದ್ದವು, ಆಹಾರ ಅರೆಹೊಟ್ಟೆಯದು. ತಂದೆತಾಯಿಗಳು ದೂರದಲ್ಲೆಲ್ಲೋ ಉಳಿದು, ಶಾಲೆಯೊಂದಿಗೆ ಸೆರೆಯಾಗಿ ಬಂದ ಮಕ್ಕಳೂ ಬಹಳ ಮಂದಿ. ಅವರಿಗೆ ಲಿಡೆಲ್ ‘ಎರಿಕ್ ಅಂಕಲ್’ ಆದನು. ಪಾಠ ಹೇಳಿದನು, ಆಟಗಳನ್ನು ಏರ್ಪಡಿಸಿದನು, ಮುರಿದ ಹಾಕಿ ಕೋಲುಗಳನ್ನು ಬಟ್ಟೆಯ ಪಟ್ಟಿಗಳಿಂದ ಬಿಗಿದು ರಿಪೇರಿ ಮಾಡಿಕೊಟ್ಟನು. ಆದರೆ ಭಾನುವಾರ ಆಟವಿಲ್ಲವೆಂಬ ನಿಯಮವನ್ನು ಅಲ್ಲಿಯೂ ಪಾಲಿಸುತ್ತಿದ್ದನು.

ಹುಡುಗರಿಗೆ ಈ ನಿಯಮ ಹಿಡಿಸಲಿಲ್ಲ. ಮುಳ್ಳುತಂತಿಯ ಬೇಲಿಯೊಳಗೆ ಆ ದೀರ್ಘವಾದ ಭಾನುವಾರವನ್ನು ಕಳೆಯುವುದಾದರೂ ಹೇಗೆ? ಅವರು ತಾವೇ ಒಂದು ಭಾನುವಾರ ಹಾಕಿ ಪಂದ್ಯವನ್ನು ಹೂಡಿದರು. ತೀರ್ಪುಗಾರನಿಲ್ಲದ ಆಟ ಜಗಳದಲ್ಲಿ ಕೊನೆಗೊಂಡಿತು; ಕೋಲುಗಳು ಚೆಂಡನ್ನು ಬಿಟ್ಟು ಹುಡುಗರ ಮೇಲೆಯೇ ಎದ್ದವು. ನಿಷ್ಠಾವಂತನಾದವನು ಇದನ್ನು ಕಂಡು, ದೇವರ ದಿನವನ್ನು ಮುರಿದುದಕ್ಕೆ ತಕ್ಕ ಫಲವಾಯಿತೆಂದು ಹೇಳಬಹುದಿತ್ತು. ಲಿಡೆಲ್ ಹಾಗೆ ಹೇಳಲಿಲ್ಲ. ಮುಂದಿನ ಭಾನುವಾರ ಅವನೇ ಮೈದಾನಕ್ಕೆ ಬಂದು ತೀರ್ಪುಗಾರನಾಗಿ ನಿಂತನು.

ಒಲಿಂಪಿಕ್ ಚಿನ್ನಕ್ಕಾಗಿ ಭಾನುವಾರ ಕಾಲಿಡದಿದ್ದವನು ಸೆರೆಯ ಮಕ್ಕಳಿಗಾಗಿ ಭಾನುವಾರ ಮೈದಾನಕ್ಕೆ ಇಳಿದನು. ಇದು ಅವನ ನಿಷ್ಠೆಯ ಸೋಲೇ? ಮೇಲುನೋಟಕ್ಕೆ ಹಾಗೆ ಕಾಣಬಹುದು. ಆದರೆ ಪ್ಯಾರಿಸಿನಲ್ಲಿ ಅವನು ಬಿಟ್ಟುಕೊಟ್ಟುದು ತನ್ನ ಕೀರ್ತಿಯನ್ನು; ವೇಶಿಯನ್ನಿನಲ್ಲಿ ಬಿಟ್ಟುಕೊಟ್ಟುದು ತನ್ನ ನೇಮವನ್ನು. ಎರಡು ಕಡೆಯೂ ತ್ಯಾಗ ಮಾಡಿದವನು ತಾನೇ. ಅಂದು ಓಡಿದ್ದರೆ ಲಾಭ ಅವನದಾಗುತ್ತಿತ್ತು. ಇಂದು ಮೈದಾನಕ್ಕೆ ಇಳಿಯದಿದ್ದರೆ ನಷ್ಟ ಮಕ್ಕಳದಾಗುತ್ತಿತ್ತು. ಕರುಣೆಯ ಕೆಲಸಕ್ಕೆ ಎಡೆಯುಂಟೆಂದು ಅವನ ಪೂರ್ವಿಕರು ಬರೆದಿಟ್ಟಿದ್ದ ಮಾತು ಆ ಧೂಳುಮೈದಾನದಲ್ಲಿ ಜೀವಂತವಾಯಿತು. ಗುಂಡಿಗೆ ಬಿದ್ದ ಕುರಿಯನ್ನು ಎತ್ತುವುದೂ ಸಬ್ಬತ್ತಿನ ಆಚರಣೆಯೇ.

1945ರ ಫೆಬ್ರವರಿ 21ರಂದು, ಮಿದುಳಿನ ಗೆಡ್ಡೆಯಿಂದ, ಅವನು ಆ ಶಿಬಿರದಲ್ಲಿಯೇ ತೀರಿಕೊಂಡನು. ಆಗ ಅವನ ವಯಸ್ಸು 43. ಶಿಬಿರಕ್ಕೆ ಬಿಡುಗಡೆ ದೊರೆತುದು ಅದೇ ವರ್ಷದ ಆಗಸ್ಟಿನಲ್ಲಿ.

ಈ ಕಥೆ ಕೇವಲ ಕ್ರೈಸ್ತರಿಗೆ ಸೇರಿದುದೆಂದು ಬದಿಗಿಡುವಂತಿಲ್ಲ. ಭಾರತದ ಮನೆಗಳಲ್ಲಿ ಭಾನುವಾರದ ಬಿಡುವು ಇಂದು ಗಾಳಿಬೆಳಕಿನಷ್ಟೇ ಸಹಜವಾಗಿದೆ. ಆದರೆ ಅದು ಎಲ್ಲರಿಗೂ ತಾನಾಗಿ ಬಂದುದಲ್ಲ. ಬ್ರಿಟಿಷರ ಕಾಲದಲ್ಲಿ ಸರ್ಕಾರದ ಕಛೇರಿಗಳು ಭಾನುವಾರ ಮುಚ್ಚಿದ್ದರೂ ಮುಂಬಯಿಯ ಬಟ್ಟೆಗಿರಣಿಗಳ ಕೂಲಿಗಳಿಗೆ ಆ ಭಾಗ್ಯವಿರಲಿಲ್ಲ. ಜ್ಯೋತಿರಾವ್ ಫುಲೆಯವರ ಅನುಯಾಯಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ವಾರದ ರಜಕ್ಕಾಗಿ ಹೋರಾಡಿದರು. ಭಾನುವಾರ ಖಂಡೋಬನ ದಿನ, ಎಂದರೆ ಕನ್ನಡಿಗರ ಮೈಲಾರಲಿಂಗನ ದಿನ, ಎಂಬುದನ್ನೂ ಅವರು ಕಾರಣವಾಗಿ ಮುಂದಿಟ್ಟರು. 1890ರ ಏಪ್ರಿಲಿನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಕೂಡಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತನಾಡಿದರು. ಅದೇ ವರ್ಷದ ಜೂನ್ 10ರಂದು ಗಿರಣಿ ಮಾಲಿಕರು ಭಾನುವಾರದ ರಜಕ್ಕೆ ಒಪ್ಪಿದರು. ದೇವರ ಹೆಸರು ಬೇರೆಯಾದರೂ ಬೇಡಿಕೆ ಮಾತ್ರ ಐಗುಪ್ತದ ಇಟ್ಟಿಗೆ ಗೂಡುಗಳಲ್ಲಿ ಬೆಂದವರದೇ.

ಇಷ್ಟು ಕಷ್ಟದಿಂದ ದೊರೆತ ದಿನ ಇಂದು ಮನೆಯೊಳಗೆ ಯಾರಿಗೆ ದೊರೆಯುತ್ತಿದೆ? ಭಾನುವಾರ ಯಜಮಾನರು ತಡವಾಗಿ ಏಳುತ್ತಾರೆ. ಮಕ್ಕಳು ಇನ್ನೂ ತಡವಾಗಿ. ಅಂದು ದೋಸೆಯಾಗಬೇಕು, ನೆಂಟರು ಬಂದರೆ ಪಾಯಸವಾಗಬೇಕು, ವಾರದ ಬಟ್ಟೆಯೆಲ್ಲ ಒಗೆದಾಗಬೇಕು. ಮನೆಯವರ ಬಿಡುವು ಹೆಚ್ಚಿದಂತೆಲ್ಲ ಒಲೆಯ ಮುಂದಿನವಳ ದುಡಿಮೆ ಹೆಚ್ಚುತ್ತದೆ. ಪಾತ್ರೆ ತೊಳೆಯಲು ಬರುವಾಕೆಗೆ ಅಂದು ಎರಡರಷ್ಟು ಪಾತ್ರೆ. ಹಳೆಯ ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ಆಳು, ತೊತ್ತು, ಎತ್ತು, ಪರದೇಶಿ ಎಲ್ಲರೂ ಇದ್ದರೂ ಹೆಂಡತಿಯ ಹೆಸರು ಬೇರೆಯಾಗಿ ಕಾಣಿಸುವುದಿಲ್ಲ. ‘ನೀನು’ ಎಂಬ ಮೊದಲ ಮಾತಿನಲ್ಲಿಯೇ ಗಂಡಹೆಂಡಿರಿಬ್ಬರೂ ಸೇರಿದ್ದಾರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಆ ವ್ಯಾಖ್ಯಾನ ನಿಜವೆಂದು ತೋರಿಸಬೇಕಾದುದು ಪಂಡಿತರಲ್ಲ, ಮನೆಮನೆಯ ಗಂಡಸರು.

ವಿಶ್ರಾಂತಿಯನ್ನು ತೆಗೆದುಕೊಳ್ಳುವುದು ಯಾರಿಗೂ ತಿಳಿದ ವಿದ್ಯೆ. ಅದನ್ನು ಕೊಡುವುದನ್ನು ಕಲಿಸಲೆಂದೇ ಈ ದಿನ ಹುಟ್ಟಿತು. ಬರುವ ಭಾನುವಾರದ ಆಲೂಗೆಡ್ಡೆಯ ಸಿಪ್ಪೆಯನ್ನು ಶನಿವಾರ ರಾತ್ರಿಯೇ, ಎಲ್ಲರೂ ಕೂಡಿ ಕುಳಿತು, ಸುಲಿದಿಟ್ಟರೆ ಸಾಕು. ಸ್ಕಾಟ್ಲೆಂಡಿನ ಆ ಹಳೆಯ ಪದ್ಧತಿಯಲ್ಲಿ ಅನುಸರಿಸತಕ್ಕ ಒಂದಂಶವಾದರೂ ಉಂಟೆಂದು ಮನೆಯಾಕೆ ಒಪ್ಪಿಯಾಳು.